ಉದ್ದನ ಹುಡುಗಿಗೊಂದು ಕಾಲೇಜು

"ಐದು ಅಡಿ ಹನ್ನೊಂದು ಇಂಚು," ಎಂದು ಮಾಸ್ತರರು ಟೇಪನ್ನು ಗೋಡೆಗೆ ಒತ್ತಿ ಹಿಡಿದುಕೊಂಡೇ ಕೂಗಿದರು. ಬಾಸ್ಕೆಟ್‌ಬಾಲ್ ಅಂಗಳದ ಸುತ್ತ ನಿಂತಿದ್ದ ಹುಡುಗಿಯರು ಚಪ್ಪಾಳೆ ಹೊಡೆದರು. ಶೇಖವ್ವನಿಗೆ ಮಾತ್ರ ಯಾರೋ ತನ್ನ ಮನೆಯ ಗುಟ್ಟನ್ನು ಸಂತೆಯಲ್ಲಿ ನಿಂತು ಸಾರಿದಂತಾಯಿತು. ಸೆರಗು ಎಳೆದುಕೊಂಡು ಇನ್ನಷ್ಟು ಬಗ್ಗಿ ನಿಂತಳು.

ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದವಳು ಅವಳ ಮಗಳು ಶಾರಿ. ಹಿರೇಕೆರೂರಿನಲ್ಲಿ ಪಿಯುಸಿ ಪಾಸಾಗಿದ್ದಳು. ಜಿಲ್ಲಾ ಪಂದ್ಯದಲ್ಲಿ ಅವಳ ಆಟ ಕಂಡಿದ್ದ ಹುಬ್ಬಳ್ಳಿಯ ಈ ದೊಡ್ಡ ಕಾಲೇಜಿನ ಆಟದ ಮಾಸ್ತರರು ಒಮ್ಮೆ ಬಂದು ಹೋಗಿರೆಂದು ಹೇಳಿ ಕಳಿಸಿದ್ದರು. ತಾಯಿ ಮಗಳು ಅಬಲೂರಿನಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ಕಾಲೇಜಿನ ಕಮಾನು ಎರಡಾಳೆತ್ತರ ಇತ್ತು. ಆದರೂ ಒಳಗೆ ಬರುವಾಗ ಶೇಖವ್ವ ತಲೆ ತಗ್ಗಿಸಿದ್ದಳು. ಊರಿನ ಬಾಗಿಲುಗಳು ಕಲಿಸಿದ ಪಾಠವನ್ನು ಹುಬ್ಬಳ್ಳಿಯ ಕಮಾನು ಒಂದೇ ದಿನಕ್ಕೆ ಮರೆಸುವುದುಂಟೇ?

"ನಮಗ ಕಂಬ ಸಿಕ್ಕಂಗಾತು ನೋಡ್ರಿ," ಎಂದು ಮಾಸ್ತರರು ಶೇಖವ್ವನ ಕಡೆ ತಿರುಗಿ ನಕ್ಕರು. "ಓಡ್ಯಾಡೋರು ನಮ್ಮಲ್ಲಿ ಬೇಕಾದಷ್ಟು ಮಂದಿ ಅದಾರ. ಏ ಹನ್ನೊಂದು ಇಂಚು, ನೀ ರಿಂಗಿನ ಕೆಳಗ ನಿಂದ್ರು. ಎರಡೂ ಕೈ ಮ್ಯಾಲೆತ್ತು. ಸಾಕು. ಬಾಲ್ ತಾನ ಬರ್ತೈತಿ."

ಬಾಲು ಬಂತು, ಶಾರಿ ಹಾಕಿದಳು. ಮತ್ತೆ ಬಂತು, ಮತ್ತೆ ಹಾಕಿದಳು. ಒಂದು ಹೆಜ್ಜೆಯನ್ನೂ ಕಿತ್ತಿಡಬೇಕಾಗಲಿಲ್ಲ. ಸುಳ್ಳು ಹೇಳಬಾರದು, ಮಾಸ್ತರರು ಒಳ್ಳೆಯವರೇ. ಚಹಾ ತರಿಸಿ ಕುಡಿಸಿದರು. ಹಾಸ್ಟೆಲು, ಊಟ ಎಲ್ಲ ಕಾಲೇಜಿನದೇ ಎಂದರು. ಸೋಮವಾರದೊಳಗೆ ತಿಳಿಸಿರಿ, ಅಲ್ಲಿಯವರೆಗೆ ಈ ಜಾಗ ಯಾರಿಗೂ ಕೊಡುವುದಿಲ್ಲ ಎಂದರು.

ಬಸ್ಸು ಶಿಗ್ಗಾವಿ ದಾಟುವವರೆಗೂ ಶಾರಿ ಬಾಯಿ ಮುಚ್ಚಲಿಲ್ಲ.

"ಅವ್ವಾ, ನನ್ನ ಎತ್ತರ ನೋಡಿ ಮಂದಿ ಚಪ್ಪಾಳಿ ಹೊಡದ್ರು. ನೋಡಿದ್ಯಲ್ಲ?"

"ನೋಡಿದೆ."

"ಊರಾಗ ನಗ್ತಾರ. ಇಲ್ಲೆ ಚಪ್ಪಾಳಿ."

ಆ ನಗು ಶೇಖವ್ವನಿಗೆ ಹೊಸದಲ್ಲ. ಅವಳ ಮದುವೆಯಲ್ಲಿ ಗಂಡ ಗುದ್ಲೆಪ್ಪ ತಾಳಿ ಕಟ್ಟಲು ಒಂದರ ಮೇಲೊಂದು ಎರಡು ಮಣೆ ಇಟ್ಟು ನಿಲ್ಲಬೇಕಾಗಿತ್ತು. "ಏಣಿ ತರ್ರೆಪಾ," ಎಂದು ಯಾರೋ ಕೂಗಿದರು, ಹಂದರಕ್ಕೆ ಹಂದರವೇ ನಕ್ಕಿತು. ಗಂಡನ ಮುಖ ಕೆಂಪಾದದ್ದನ್ನು ಕಂಡು ಅವಳು ಕತ್ತು ತಗ್ಗಿಸಿದಳು. ಅಂದು ತಗ್ಗಿಸಿದ ಕತ್ತನ್ನು ಮತ್ತೆ ಎತ್ತಿದ್ದಿಲ್ಲ. ಗುದ್ಲೆಪ್ಪ ಸಮಾಧಾನದ ಮನುಷ್ಯ, ಒಂದು ದಿನವೂ ಆ ಮಾತು ಆಡಿದವನಲ್ಲ. ಆದರೆ ಹೊಲಕ್ಕೆ ಹೋಗುವಾಗ ಅವನು ಬದುವಿನ ಮೇಲೆ, ಅವಳು ಬದುವಿನ ಕೆಳಗಿನ ಸಾಲಿನಲ್ಲಿ. ಹಾಗೆ ನಡೆದರೆ ಇಬ್ಬರ ತಲೆಯೂ ಸಮ ಕಾಣುತ್ತಿತ್ತು. ಯಾರು ಯಾರಿಗೂ ಹೇಳಿದ್ದಲ್ಲ, ತಾನೇ ರೂಢಿಯಾಗಿ ಹೋಗಿತ್ತು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಶಾರಿ ಹನ್ನೆರಡಕ್ಕೆ ತಂದೆಯನ್ನು ದಾಟಿದಳು, ಹದಿನೈದಕ್ಕೆ ತಾಯಿಯನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಗ್ಗಿ ನಡಿ, ಓಡಬ್ಯಾಡ, ಮಂದಿ ಮುಂದ ಎದ್ದು ನಿಂದ್ರಬ್ಯಾಡ ಎಂದು ಮಾತ್ರ ಶೇಖವ್ವ ಮೂರು ಹೊತ್ತೂ ಹೇಳುತ್ತಿದ್ದಳು. ಕಳೆದ ವರ್ಷ ಬ್ಯಾಡಗಿ ಕಡೆಯಿಂದ ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಮೊದಲೇ ಚಾಪೆಯ ಮೇಲೆ ಕೂರಿಸಿಬಿಟ್ಟಿದ್ದಳು. ಬಂದವರು ಅವಲಕ್ಕಿ ತಿಂದರು, ಹುಡುಗಿ ಲಕ್ಷಣವಾಗಿದ್ದಾಳೆ ಎಂದರು. ಕೊನೆಗೆ ಹಿರಿಯರ ಕಾಲಿಗೆ ಬೀಳಲೆಂದು ಶಾರಿ ಎದ್ದಳು, ಎದ್ದೇ ಎದ್ದಳು. ಹುಡುಗನ ತಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೀಗಿರುವಾಗ ಹುಬ್ಬಳ್ಳಿಯ ಚಪ್ಪಾಳೆಗೆ ಬೇಡ ಎನ್ನಲು ಯಾವ ತಾಯಿಗೆ ಮನಸ್ಸು ಬಂದೀತು? ಆದರೂ ಬಸ್ಸಿನಿಂದ ಇಳಿಯುವವರೆಗೂ ಅವಳು ಮಾಸ್ತರರ ಮಾತುಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಗುದ್ಲೆಪ್ಪ ಎಲ್ಲ ಕೇಳಿ ಹಿಗ್ಗಿದ. "ಚಲೋ ಆತಲ್ಲ. ಹುಡುಗಿ ಎತ್ತರಕ್ಕ ಬೆಲಿ ಕಟ್ಟೋರು ಒಂದ ಕಡೆಗರ ಸಿಕ್ರು. ನೀ ಯಾಕ ಮಾರಿ ಸಣ್ಣ ಮಾಡಿ?"

"ಅಲ್ಲೆ ಯಾರೂ ಅಕಿ ಹೆಸರ ಹಿಡದು ಕರೀಲಿಲ್ಲರಿ."

"ಹೆಸರ ತಗೊಂಡು ಏನ ಮಾಡ್ತಾರ? ಊಟ ಹಾಕ್ತಾರಲ್ಲ," ಎಂದ ಗುದ್ಲೆಪ್ಪ. ಅವನ ಮಾತೂ ತಪ್ಪಲ್ಲ. ಶೇಖವ್ವ ರೊಟ್ಟಿ ಬಡಿಯಲು ಕೂತಳು.

ಶನಿವಾರ ಹಾನಗಲ್ಲಿಗೆ ಹೋದದ್ದು ಬರೀ ದಾಕ್ಷಿಣ್ಯಕ್ಕೆ. ಅಲ್ಲಿಯ ಸಣ್ಣ ಕಾಲೇಜಿನ ತಂಡದ ನಾಯಕಿ ಚೌಡವ್ವ ಎಂಬ ಹುಡುಗಿ ಅದೇ ಜಿಲ್ಲಾ ಪಂದ್ಯದಲ್ಲಿ ಶಾರಿಯನ್ನು ನೋಡಿದ್ದವಳು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದೇ ಸಮನೆ ಹೇಳಿ ಕಳಿಸುತ್ತಿದ್ದಳು. ಹೋಗಿ ಮುಖ ತೋರಿಸಿ ಬಂದರೆ ಆಯಿತು, ಸೋಮವಾರ ಹುಬ್ಬಳ್ಳಿಗೆ ಹೂಂ ಎಂದರೆ ಆಯಿತು ಎಂದು ಶಾರಿ ಲೆಕ್ಕ ಹಾಕಿದ್ದಳು.

ಕಾಲೇಜಿನ ಹಿಂದೆ ಮಣ್ಣಿನ ಅಂಗಳ. ಸುಣ್ಣದ ಗೆರೆಗಳು ಅರ್ಧ ಅಳಿಸಿದ್ದವು. ಒಂದು ಕಡೆಯ ಹಲಗೆಗೆ ಬಿರುಕು ಬಿಟ್ಟಿತ್ತು, ರಿಂಗಿಗೆ ಬಲೆ ಇರಲಿಲ್ಲ. ಐದು ಜನ ಹುಡುಗಿಯರು ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು ಆಡುತ್ತಿದ್ದರು, ಒಂದು ಕಡೆ ಮೂವರು, ಇನ್ನೊಂದು ಕಡೆ ಇಬ್ಬರು. ಅವರಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದವಳೇ ಚೌಡವ್ವ. ಶಾರಿಯ ಎದೆಮಟ್ಟಕ್ಕೂ ಬರುತ್ತಿರಲಿಲ್ಲ.

"ಬಂದೀ? ಬಾ ಶಾರಿ, ಒಬ್ಬಾಕಿ ಕಡಿಮಿ ಬಿದ್ದಾಳ," ಎಂದಳು ಅವಳು. ಅಷ್ಟೇ. ಮೇಲಿಂದ ಕೆಳಗೆ ನೋಡಲಿಲ್ಲ, ಟೇಪು ತರಲಿಲ್ಲ. ಶೇಖವ್ವ ಮುಂದಿನ ಮಾತಿಗೆ ಕಾದಳು. ಹೊಸಬರು ಯಾರೇ ಸಿಕ್ಕರೂ ಮೊದಲ ಮಾತು ಎತ್ತರದ್ದೇ ಇರುತ್ತಿತ್ತು. ಆ ಮಾತು ಬರಲೇ ಇಲ್ಲ.

ಅಂಗಳದ ಅಂಚಿನ ಬೇವಿನ ಗಿಡದ ಕೆಳಗೆ ನೀರಿನ ಕೊಡ ಇಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಚಮನಬಿ. ಪರ ಊರಿನ ಹುಡುಗಿಯರಿಗೆ ತನ್ನ ಮನೆಯ ಖೋಲಿಯನ್ನು ಇರಲು ಕೊಡುವವಳು. "ಕುಂದರ್ರಿ," ಎಂದು ಶೇಖವ್ವನಿಗೆ ಜಾಗ ಮಾಡಿಕೊಟ್ಟಳು. "ನಮ್ಮಲ್ಲಿ ಹಾಸ್ಟೆಲ್ ಗೀಸ್ಟೆಲ್ ಇಲ್ಲವಾ. ಅಡಗಿ ತಾವ ಮಾಡ್ಕೋಬೇಕು. ಸಂಜಿಗೆ ಎಲ್ಲಾರೂ ಒಳಗ ಬಂದ್ರೋ ಇಲ್ಲೋ ನೋಡಿ ಬಾಗಲಾ ಹಾಕೂದು ಮಾತ್ರ ನನ್ನ ಕೆಲಸ."

ಶಾರಿ ಹುಬ್ಬಳ್ಳಿಯಲ್ಲಿ ಕಲಿತಂತೆ ರಿಂಗಿನ ಕೆಳಗೆ ಹೋಗಿ ಕೈ ಎತ್ತಿ ನಿಂತಳು.

"ಯಾಕ ನಿಂತಿ?" ಚೌಡವ್ವ ಗದರಿದಳು. "ಓಡು."

ಶಾರಿ ಓಡಿದಳು. ಓಡಿದರೆ ಏನಾಯಿತು? ಚೌಡವ್ವ ಅವಳ ಮೊಣಕೈ ಕೆಳಗೇ ನುಸುಳಿ ಬಾಲು ಕಸಿದುಕೊಂಡು ಹೋದಳು. ಇನ್ನೊಮ್ಮೆ ಬಂದಳು, ಇನ್ನೊಮ್ಮೆ ಕಸಿದಳು. ಶಾರಿ ಹಲ್ಲು ಕಚ್ಚಿ ಬೆನ್ನು ಹತ್ತಿದಳು. "ಶಾರಿ, ಇತ್ಲಾಗ! ಶಾರಿ, ಕೊಡು!" ಎಂದು ಹುಡುಗಿಯರು ಗಂಟಲು ಹರಿಯುವಂತೆ ಒದರುತ್ತಿದ್ದರು. ಅವಳು ಜಾರಿ ಬಿದ್ದಳು, ಮೊಣಕಾಲು ತರಚಿತು. ಆದರೆ ಶಾರಿ ನೆಲದ ಮೇಲೆ ಕೂತುಕೊಂಡೇ ನಗುತ್ತಿದ್ದಳು. ಬಾಯಿ ತುಂಬ, ಹಲ್ಲೆಲ್ಲ ಕಾಣುವಂತೆ. ಮಗಳು ಹಾಗೆ ಓಡಿದ್ದನ್ನು, ಹಾಗೆ ನಕ್ಕಿದ್ದನ್ನು ಕಂಡು ಎಷ್ಟು ವರ್ಷವಾಯಿತು ಎಂದು ಅವಳ ಪಂದ್ಯವನ್ನು ಒಮ್ಮೆಯೂ ನೋಡಿರದ ಶೇಖವ್ವನಿಗೆ ನೆನಪಾಗಲಿಲ್ಲ. ಓಡಬ್ಯಾಡ ಎಂದವಳು ತಾನೇ ಅಲ್ಲವೇ?

ಅಷ್ಟರಲ್ಲಿ ಯಾರದೋ ಕೈ ತಪ್ಪಿ ಬಾಲು ಬೇವಿನ ಟೊಂಗೆಯ ಕವಲಿನಲ್ಲಿ ಸಿಕ್ಕಿಕೊಂಡಿತು. ಹುಡುಗಿಯರು ಓಡಿ ಬಂದು ಹಾರಿ ನೋಡಿದರು, ಎಟುಕಲಿಲ್ಲ. ಶಾರಿ ಇನ್ನೂ ಮೊಣಕಾಲಿನ ಮಣ್ಣು ಒರೆಸುತ್ತಿದ್ದಳು. ಒಬ್ಬಳು ಕೋಲು ಹುಡುಕಲು ಹೊರಟಳು. ಶೇಖವ್ವ ಎದ್ದಳು. ರೂಢಿಯಂತೆ ಒಮ್ಮೆ ಸುತ್ತ ನೋಡಿದಳು. ಆಮೇಲೆ ಸೆರಗನ್ನು ಟೊಂಕಕ್ಕೆ ಸಿಗಿಸಿ, ತುದಿಗಾಲ ಮೇಲೆ ನಿಂತು, ಬೆನ್ನು ನೆಟ್ಟಗೆ ಮಾಡಿ ಕೈ ಚಾಚಿದಳು. ಬೆನ್ನಿನಲ್ಲಿ ಎಲ್ಲೋ ಲಟಕ್ಕೆಂದಿತು. ಬಾಲು ಕೈಗೆ ಬಂತು. ಅವಳೆಂದುಕೊಂಡಿದ್ದಕ್ಕಿಂತ ಅದು ಭಾರವಾಗಿತ್ತು.

"ಲಗೂನ ಕೊಡ್ರಿ ಅವ್ವಾರ," ಎಂದು ಚೌಡವ್ವ ಕೈ ಒಡ್ಡಿದಳು. ಕೊಟ್ಟದ್ದೇ ತಡ, ಎಲ್ಲರೂ ಓಡಿ ಹೋದರು. ಯಾರೂ ನಗಲಿಲ್ಲ, ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಚಮನಬಿ ತನ್ನ ಪಾಡಿಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಆಟ ಮುಗಿಯುವವರೆಗೂ ಶೇಖವ್ವ ನಿಂತೇ ಇದ್ದಳು, ಬಗ್ಗುವುದನ್ನು ಮರೆತು.

ಹಿರೇಕೆರೂರಿನ ಬಸ್ಸಿನಲ್ಲಿ ಶಾರಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು.

"ಸೋತ್ನಿ," ಎಂದಳು ಕೊನೆಗೆ.

"ಕಂಡೆ."

"ಹುಬ್ಬಳ್ಯಾಗ ಒಂದೂ ತಪ್ಪಲಿಲ್ಲ ಅವ್ವಾ. ದೊಡ್ಡ ತಂಡ ಅದು. ಅಲ್ಲೆ ಹೋದ್ರ ಗೆದ್ದ ಗೆಲ್ತೇನಿ."

"ಹೋಗು ಮತ್ತ. ನಿನಗೆಲ್ಲಿ ಮನಸ್ಸೈತಿ ಅಲ್ಲೆ ಹೋಗು." ಶೇಖವ್ವ ಮನಸಾರೆ ಹಾಗೆ ಹೇಳಿದಳು. ಆದರೂ ಉತ್ತರಕ್ಕೆ ಕಾಯುವಾಗ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಶಾರಿ ಮೊಣಕಾಲಿನ ಗಾಯವನ್ನು ಊದಿಕೊಂಡಳು. "ಮೂರು ವರ್ಷ ಕೈ ಎತ್ತಿ ನಿಂದ್ರಬೇಕಲ್ಲ ಅಲ್ಲೆ," ಎಂದಳು. ಇನ್ನೊಮ್ಮೆ ಊದಿ, "ಆ ಗಿಡ್ಡಿನ್ನ ಒಂದಿನಾರ ಸೋಲಸಬೇಕು. ಇಲ್ಲಾಂದ್ರ ನನಗ ನಿದ್ದಿ ಹತ್ತಂಗಿಲ್ಲ," ಎಂದಳು.

ಶೇಖವ್ವನಿಗೆ ಅಳು ಬಂತು, ಜೊತೆಗೇ ಸಂತೋಷವೂ ಬಂತು. ಮಗಳಿಗೆ ಹೇಳಬೇಕಾದ್ದು ಬಹಳ ಇತ್ತು. ಬಾಯಿಗೆ ಬಂದದ್ದು ಮಾತ್ರ, "ಮನಿಗೆ ಹೋಗಿ ಅರಿಶಿಣ ಹಚ್ಚೂನು," ಎಂಬಷ್ಟೇ.

ಅಬಲೂರಿನಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಗುದ್ಲೆಪ್ಪ ಕಾಯುತ್ತಿದ್ದ. ಶಾರಿ ಚೀಲ ಹೆಗಲಿಗೆ ಹಾಕಿಕೊಂಡು ಹೊಲದ ದಾರಿಯಲ್ಲಿ ಮುಂದೆ ಹೋದಳು, ಕುಂಟುತ್ತಲೇ, ಕೈಯಲ್ಲಿಲ್ಲದ ಬಾಲನ್ನು ನೆಲಕ್ಕೆ ಪುಟಿಸುತ್ತ.

"ಹುಬ್ಬಳ್ಳಿ ಬ್ಯಾಡಂತರಿ. ಹಾನಗಲ್ಲಂತ," ಎಂದಳು ಶೇಖವ್ವ.

"ಪುಕ್ಕಟ ಊಟ ಬಿಟ್ಟು?"

"ಹೂಂ."

ಗುದ್ಲೆಪ್ಪ ಗಡ್ಡ ಕೆರೆದುಕೊಂಡ. "ಅಲ್ಲೆ ಹೆಸರ ಹಿಡದು ಕರದ್ರೇನು?"

"ಕರೀತಾರೇನ್ರಿ, ಒದರತಾರ."

"ಹಂಗಾದ್ರ ಆತು. ಜ್ವಾಳ ಮನ್ಯಾಗ ಅದಾವು, ಒಯ್ದು ಕೊಡೂನು," ಎಂದು ಅವನು ಬದುವಿನ ಮೇಲೆ ಹತ್ತಿದ. ಶೇಖವ್ವನ ಕಾಲು ತಾನಾಗಿ ಕೆಳಗಿನ ಸಾಲಿನತ್ತ ಹೋಯಿತು. ನಾಲ್ಕು ಹೆಜ್ಜೆ ನಡೆದಳು. ಆಮೇಲೆ ನಿರಿಗೆ ಎತ್ತಿ ಹಿಡಿದು ಬದುವಿನ ಮೇಲೆ ಹತ್ತಿ ಗಂಡನ ಪಕ್ಕಕ್ಕೆ ಬಂದಳು.

ಗುದ್ಲೆಪ್ಪ ತಲೆ ಎತ್ತಿ ಅವಳನ್ನು ನೋಡಿದ. "ಯಾಕ?"

"ಕೆಳಗ ಕೆಸರ ಐತಿ."

ಮಳೆ ಬಿಟ್ಟು ವಾರವಾಗಿತ್ತು. ಸಾಲು ಒಣಗಿ ಬಿಳಿಚಿಕೊಂಡಿತ್ತು. ಅವನು ಒಮ್ಮೆ ಅದನ್ನೂ ನೋಡಿದ.

"ಹೌದು, ಕೆಸರ ಭಾಳ ಆಗೇತಿ," ಎಂದ.

ಬದು ಇಬ್ಬರಿಗೆ ಸಾಲುವಷ್ಟು ಅಗಲವಿರಲಿಲ್ಲ. ಗುದ್ಲೆಪ್ಪ ಒಂದು ಕಾಲನ್ನು ಬದುವಿನ ಮೇಲೆ, ಒಂದು ಕಾಲನ್ನು ಇಳಿಜಾರಿನ ಮೇಲೆ ಇಡುತ್ತ, ಹೆಂಡತಿಯ ಮೊಣಕೈ ಹಿಡಿದುಕೊಂಡು ಅವಳ ಪಕ್ಕದಲ್ಲೇ ನಡೆದ.