ಕಂಬಳಿಯ ಮೇಲೆ ಆಡಿದ ಮಾತು

ಬಂದವರೆಲ್ಲ ಹೋಗಿದ್ದರು. ಬೆಳಿಗ್ಗೆ ಎದ್ದಾಗ ಅಂಗಳದಲ್ಲಿ ಬಾಡಿಗೆ ಕುರ್ಚಿಗಳಿರಲಿಲ್ಲ, ಶಾಮಿಯಾನದ ಗೂಟ ಕಿತ್ತ ಗುಂಡಿಗಳಷ್ಟೇ ಇದ್ದವು. ರಸ್ತೆಯಲ್ಲಿ ಒಡ್ಡನ್‌ಛತ್ರಂ ಮಾರ್ಕೆಟ್ಟಿಗೆ ಹೋಗುವ ಲಾರಿಗೆ ಬದನೆಕಾಯಿ ಮೂಟೆ ಏರಿಸುತ್ತಿದ್ದರು. ಹಾಲಿನವನು ಬಂದು ಎಷ್ಟು ಬೇಕೆಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಕೊಂಬೈಯ ಈ ಮನೆಗೆ ನಾನು ಯಾವಾಗಲೂ ರಜೆಗೆ ಬಂದವಳು.

ಪಾತ್ರೆ ಹಿಡಿದು ನಿಂತಿದ್ದಾಗ ಬಿಸಿಲು ಊರ ಹಿಂದಿನ ಬೆಟ್ಟದ ನೆತ್ತಿಗೆ ತಾಗಿತು. ಆಮೇಲೆ ನಿಧಾನವಾಗಿ ಇಳಿಯುತ್ತ ಬಂಡೆಗಳನ್ನು ಒಂದೊಂದಾಗಿ ಕತ್ತಲಿಂದ ಹೊರಗೆ ತಂದಿತು. ಇಷ್ಟು ದೊಡ್ಡದು ದಿನವೂ ನಡೆಯುತ್ತದೆ, ಯಾರು ಇದ್ದರೂ ಯಾರು ಇಲ್ಲದಿದ್ದರೂ. ಹಾಲಿನವನು ಹೋದದ್ದು ನನಗೆ ತಿಳಿಯಲಿಲ್ಲ.

ನನ್ನ ಗಂಡ ಎಳಿಲ್ ಕೀನ್ಯಾದ ನೈವಾಷಾ ಸರೋವರದ ದಡದ ಗುಲಾಬಿ ತೋಟವೊಂದರಲ್ಲಿ ಹನಿ ನೀರಾವರಿ ನೋಡಿಕೊಳ್ಳುತ್ತಿದ್ದ. ಹಸಿರುಮನೆಯೊಳಗೆ ಪೈಪಿನ ಪಕ್ಕ ನಿಂತಿದ್ದವನು ಕುಸಿದ. ಎದೆಬಡಿತ ನಿಂತಿತ್ತು. ಅವನ ದೇಹವನ್ನು ಇಲ್ಲಿಗೆ ತಂದೆವು. ನಾನು ಮತ್ತು ಮಗಳು ತೇನ್‌ಮೊಳಿ ತಂದ ಸಾಮಾನಿನಲ್ಲಿ ಒಂದು ಕರಿಕಂಬಳಿಯೂ ಇತ್ತು. ಅತ್ತೆ ಜೆಯಲಕ್ಷ್ಮಿ ಅದನ್ನು ನೋಡಿದ್ದೇ ಒಳಕೋಣೆಯಲ್ಲಿ ಹಾಸಿಕೊಂಡರು. ಅಂದಿನಿಂದ ಅದರ ಮೇಲೆಯೇ ಮಲಗುತ್ತಾರೆ, ಕೂರುತ್ತಾರೆ, ಉಣ್ಣುತ್ತಾರೆ.

ಪಕ್ಕದ ಮನೆಯ ಕಾಮರಾಜ್ ಮಾಮ, ಅತ್ತೆಯ ತಮ್ಮ, ಚಪ್ಪಲಿ ಬಿಡದೆಯೇ ಬಾಗಿಲಲ್ಲಿ ನಿಂತರು.

"ಅಕ್ಕ ಎದ್ದವಳಾ, ತಾಯಿ?"

"ಎದ್ದಿಲ್ಲ ಮಾಮ."

ಅವರು ದನಿ ತಗ್ಗಿಸಿದರು. "ಗೋವಿಂದಮ್ಮಾಳ್ ಅವ್ವ ಕೇಳ್ಕಳಿಸವ್ರೆ. ನಾಳೆ ಜನನಿ ಕಲ್ಯಾಣ. ಕಂಬಳಿ ಇಲ್ದೆ ಪೆರಿಯವ್ರು ಕುಂತ್ಕೊಳಲ್ಲ ಅಂತವ್ರೆ."

ಆ ಕಂಬಳಿ ತಮಿಳು ಸೀಮೆಯಲ್ಲಿ ಕನ್ನಡ ಮಾತಾಡುವ ನಮ್ಮ ಕುಲದ್ದು. ಗೋವಿಂದಮ್ಮಾಳ್ ಮನೆಯವರು ಅದನ್ನು ಕಾಪಾಡುತ್ತ ಬಂದವರು. ಜನನಿ ಅವರ ಮೊಮ್ಮಗಳು. ಮದುವೆಯೋ ಪಂಚಾಯಿತಿಯೋ, ಮೊದಲು ಕಂಬಳಿ ಹಾಸಬೇಕು, ನೀರು ತುಂಬಿದ ಚೊಂಬಿಗೆ ಬೇವಿನ ಎಲೆ ಹಾಕಿ ನಡುವೆ ಇಡಬೇಕು. ನಮ್ಮ ಪೆರಿಯವ್ರು, ಕುಲದ ಹಿರಿಯರು, ಅದರ ಮೇಲೆ ಕೂತು ಆಡಿದ ಮಾತನ್ನು ಯಾರೂ ವಾಪಸು ತೆಗೆದುಕೊಳ್ಳುವಂತಿಲ್ಲ.

"ಬೇರೆ ಕಂಬಳಿ ಆಗಲ್ವಾ ಮಾಮ?"

"ತೇನಿಯಿಂದ ಹೊಸಾದು ತಂದವ್ರೆ. ಅದ್ರ ಮೇಲೆ ಹುಲಿ ಚಿತ್ರ! ಹುಲಿ ಮೂತಿ ಮೇಲೆ ಕುಂತ್ಕೊಂಡು ಕಲ್ಯಾಣ ಮಾತಾಡಾದಾ?"

"ಕೇಳ್ತದೆ ಕಣೋ ಕಾಮರಾಜು," ಒಳಗಿನಿಂದ ಅತ್ತೆಯ ದನಿ ಬಂತು. "ನನ್ ಕಿವಿ ಇನ್ನೂ ಅದೆ. ಕೊಡಲ್ಲ ಅನ್ನು. ಸಾವಿನ ಮನೇಲಿ ಬಿದ್ದದ್ದು, ಮೈಲಿಗೆ, ತೀಟ್ಟು ಆಗ್ಯದೆ."

"ಉಣ್ಣೆಗೆ ಏನು ತೀಟ್ಟು ಅಕ್ಕಾ? ನೀನೇ ಹೇಳಿಕೊಟ್ಟಿದ್ದು."

"ಹೇಳಿಕೊಟ್ಟೋಳು ನಾನೇ, ಕೊಡಲ್ಲ ಅನ್ನೋಳೂ ನಾನೇ. ಹೋಗು, ಹುಲಿ ಮೇಲೆ ಕುಂತ್ಕೋ."

ಮಾಮ ನನ್ನ ಮುಖ ನೋಡಿದರು. "ನೀನ್ ಹೇಳಮ್ಮಾ. ಎಳಿಲ್ ಮಾತು ಕೊಟ್ಟವ್ನೆ," ಎಂದು ಹೊರಟುಹೋದರು.

ಕೊಟ್ಟಿದ್ದ. ಹೋದ ವರ್ಷ ಅತ್ತೆಯನ್ನೂ ಮಾಮನನ್ನೂ ಕೀನ್ಯಾಕ್ಕೆ ಕರೆದೊಯ್ಯಲು ಬಂದಾಗ, ಮಗಳ ಕಿವಿ ಚುಚ್ಚಿಸುವ ಶಾಸ್ತ್ರವನ್ನು ಅಲ್ಲಿಯೇ ಮಾಡೋಣ ಎಂದು ಕಂಬಳಿ ಕೇಳಿದ. ಸಮುದ್ರ ದಾಟಿಸುವುದಕ್ಕೆ ಗೋವಿಂದಮ್ಮಾಳ್ ಒಪ್ಪಲಿಲ್ಲ. ಕೊನೆಗೆ ಅಂಗಳದಲ್ಲಿ ಹಾಸಿ, "ಇದ್ರ ಮೇಲೆ ಕುಂತು ಹೇಳು" ಎಂದರಂತೆ. ಜನನಿಯ ಮದುವೆಯೊಳಗೆ ತಂದುಕೊಡುತ್ತೇನೆ ಎಂದು ಅವನು ಕೂತು ಹೇಳಿದ.

ನೈರೋಬಿಯಲ್ಲಿ ಕಸ್ಟಮ್ಸ್ ಅಧಿಕಾರಿ ಅದನ್ನು ಮೂಸಿ ನೋಡಿ, ಕುರಿ ಎಲ್ಲಿದೆ ಎಂದು ಕೇಳಿದ್ದ. ಮಾಮ ಅವನಿಗೆ ತಮಿಳಿನಲ್ಲಿ ಕುಲದ ಕಥೆಯನ್ನೆಲ್ಲ ಹೇಳಿದರು. ಅವನು ಕೈಮುಗಿದು ಕಳಿಸಿದ. ತೋಟದ ನರ್ಸ್ ತೇನ್‌ಮೊಳಿಯ ಕಿವಿ ಚುಚ್ಚಿದಳು. ಸೋದರಮಾವನಾಗಿ ಮಡಿಲು ಕೊಡಬೇಕಿದ್ದ ನನ್ನ ತಮ್ಮನಿಗೆ ಬರಲಾಗದ್ದರಿಂದ ಮಾಮನೇ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಅವಳಿಗಿಂತ ಮೊದಲು ತಾವು ಅತ್ತರು.

ಆಮೇಲೆ ಸುತ್ತಾಡಿದೆವು. ಸರೋವರದಲ್ಲಿ ನೀರಾನೆಗಳು ಆಕಳಿಸಿದಾಗ ಅತ್ತೆ ದೋಣಿಯಲ್ಲೇ ನನ್ನ ತೊಡೆ ಹಿಡಿದುಕೊಂಡರು. ದಡವೆಲ್ಲ ಗುಲಾಬಿ ಬಣ್ಣವಾಗಿದ್ದ ಇನ್ನೊಂದು ಸರೋವರ ನೋಡಿ, ಚಿನ್ನಾಳಪಟ್ಟಿಯಲ್ಲಿ ಸೀರೆ ಒಣಹಾಕಿದ ಹಾಗಿದೆ ಎಂದರು. ಆ ಬಣ್ಣ ಸಾವಿರಾರು ಹಕ್ಕಿಗಳಾಗಿ ಒಮ್ಮೆಗೇ ಎದ್ದು ಹಾರಿತು. ಅತ್ತೆ ಕುಳಿತುಬಿಟ್ಟರು.

ಕೊನೆಗೆ ಹೋದದ್ದು ಮಾರಾ ಹುಲ್ಲುಗಾವಲಿಗೆ. ಗಡ್ಡದ ದನ ಎಂದು ಅತ್ತೆ ಹೆಸರಿಟ್ಟ ಆ ಕಾಡುಪ್ರಾಣಿಗಳು ಲಕ್ಷಗಟ್ಟಲೆ ಹೊಳೆ ದಾಟುವ ಕಾಲ ಅದು. ಕಾವಲುಗಾರನ ಜೊತೆ ಇಳಿಯಲು ಬಿಡುವ ಎತ್ತರದ ದಂಡೆಯಲ್ಲಿ, ಹುಲ್ಲು ಚುಚ್ಚುತ್ತದೆಂದು ಎಳಿಲ್ ಕಂಬಳಿ ಹಾಸಿದ. ನಾನು ಭೂಗೋಳ ಓದಿದವಳು. ಆ ಹಾದಿಯನ್ನು ನಕ್ಷೆಯಲ್ಲಿ ಗೆರೆಯಾಗಿ ನೋಡಿದ್ದೆ. ಅಲ್ಲಿ ನೋಡಿದರೆ ಗೆರೆಯೇ ಇರಲಿಲ್ಲ. ನೆಲವೇ ಎದ್ದು ನಡೆಯುತ್ತಿತ್ತು.

ಅವೆಲ್ಲ ಹೊಳೆ ದಾಟಿದ ಮೇಲೆ ಅತ್ತೆ ಎಳಿಲ್‌ನನ್ನು ಕೇಳಿದ್ದರು: "ಯಾರ್ ದನ ಇವು? ಕಾಯೋರು ಯಾರು?"

"ಯಾರೂ ಇಲ್ಲಮ್ಮ."

"ಮನೆಗೆ ದಾರಿ?"

"ಅವುಕ್ಕೇ ಗೊತ್ತು. ಎಲ್ಲಿ ಮಳೆಯೋ ಅಲ್ಲಿಗೆ ಹೋಯ್ತವೆ. ತಿರ್ಗಾ ಬತ್ತವೆ."

"ನೀನು?"

ಎಳಿಲ್ ನಕ್ಕ. "ಈ ಕೆಲ್ಸ ಮುಗೀಲಿ, ಬಂದುಬುಡ್ತೀನಿ. ನಮ್ ದ್ರಾಕ್ಷಿ ತೋಟಕ್ಕೇ."

"ಕಂಬಳಿ ಮೇಲೆ ಕುಂತು ಹೇಳ್ದೆ, ನೋಡ್ಕೋ," ಎಂದು ಮಾಮ ಎಚ್ಚರಿಸಿದ್ದರು.

ಈಗ ನಾನು ಒಳಕೋಣೆಗೆ ಹೋದೆ. ತೇನ್‌ಮೊಳಿ ಅಜ್ಜಿಯ ಕಾಲ ಬಳಿ ಕೂತು, "ಪೋಲೆ, ಅಜ್ಜಿ, ಪೋಲೆ" ಎನ್ನುತ್ತಿದ್ದಳು. ಕೀನ್ಯಾದ ಅವಳ ಶಾಲೆಯಲ್ಲಿ ದುಃಖದಲ್ಲಿರುವವರಿಗೆ ಹೇಳುವ ಮಾತು ಅದು. ನಮ್ಮ ಮಾತಿನಲ್ಲಿ ಏನು ಹೇಳಬೇಕೆಂದು ಅವಳಿಗೆ ನಾನು ಕಲಿಸಿಲ್ಲ.

"ಅತ್ತೆ, ನಾಳೆ ಜನನಿ ಮದುವೆ."

"ನೀನೂ ಸುರು ಮಾಡ್ದಾ?"

"ಎಳಿಲ್ ಮಾತು ಕೊಟ್ಟವ್ರೆ."

ಅತ್ತೆ ಎದ್ದು ಕೂತರು. ಕಣ್ಣು ಒಣಗಿತ್ತು. "ನಂಗೂ ಕೊಟ್ಟಿದ್ದ. ಇದ್ರ ಮೇಲೇ ಕುಂತು, ಬಂದುಬುಡ್ತೀನಿ ಅಂದಿದ್ದ. ಆ ಮಾತು ಬಿದ್ದೋಯ್ತು. ಹೆತ್ತೋಳಿಗೆ ಕೊಟ್ಟ ಮಾತೇ ನಿಲ್ಲಲಿಲ್ಲ, ಗೋವಿಂದಮ್ಮಾಳ್‌ಗೆ ಕೊಟ್ಟದ್ದು ಯಾಕೆ ನಿಲ್ಲಬೇಕು?"

ಕಂಬಳಿಯ ಅಂಚಿನಾಚೆ ಬರಿನೆಲದಲ್ಲಿ ಕೂತೆ. ಅತ್ತೆ ಸ್ನಾನಕ್ಕೆ ಹೋದಾಗ ಎತ್ತಿಕೊಂಡು ಹೋಗಬಹುದು ಎಂಬ ಯೋಚನೆ ಬಂದು ಹೋಯಿತು. ಅದನ್ನು ನನ್ನಿಂದ ಮಾಡಲಾಗುವುದಿಲ್ಲ.

ಅತ್ತೆ ಕಂಬಳಿಯ ಅಂಚು ಸವರುತ್ತ ಕೇಳಿದರು. "ಆ ಹೊಳೆ ಹತ್ರ... ಮೊದಲ್ನೇದು ಹಾರ್ದಾಗ ನಾನು ಮುಖ ಮುಚ್ಕೊಂಡುಬುಟ್ಟೆ. ಮೊಸಳೆ ಅಂತ. ನೀನು ನೋಡ್ದಾ?"

"ನೋಡ್ದೆ."

"ಹೇಳು."

ಅವನು ಹೋದಾಗಿನಿಂದ ನಾನು ಹೌದು, ಇಲ್ಲ ಬಿಟ್ಟು ಹೆಚ್ಚು ಮಾತಾಡಿರಲಿಲ್ಲ.

"ಒಂದು ಮುಂದೆ ಬಂದು ನಿಂತ್ಕಂಡಿತ್ತು ಅತ್ತೆ. ಹಿಂದೆ ಕಣ್ಣು ಹೋದಷ್ಟು ದೂರ ದನ. ಎಲ್ಲಾ ತಳ್ತಾ ಇದ್ವು, ಅದು ಅಲ್ಲಾಡಲಿಲ್ಲ. ನೀರು ನೋಡ್ತು, ಹಿಂದೆ ತಿರುಗ್ತು, ತಿರ್ಗಾ ನೀರು ನೋಡ್ತು. ಆಮೇಲೆ ಏನಾಯ್ತೋ, ಹಾರ್ತು. ಒಂದು ಗಳಿಗೆ ಆಕಾಸದಲ್ಲೇ ನಿಂತಂಗಿತ್ತು. ಸದ್ದೇ ಇಲ್ಲ. ಅದು ನೀರಿಗೆ ಬಿದ್ದಿದ್ದೇ ಗುಡ್ಡನೇ ಜರಿದಂಗೆ ಎಲ್ಲಾ ಬಂದ್ವು. ಹೊಳೆ ಕಾಣಲಿಲ್ಲ ಅತ್ತೆ, ಬರೀ ಬೆನ್ನು, ಕೊಂಬು, ದೂಳು. ನಾವು ಕುಂತಿದ್ದ ನೆಲ ನಡುಗ್ತು."

"ಕರುಗಳು?"

"ನಡೂಲಿದ್ವು. ಒಂದು ಕೊಚ್ಕೊಂಡು ಹೋಯ್ತು. ಮೇಲೆ ಬಂತೋ ಇಲ್ವೋ, ಕಾಣಲಿಲ್ಲ."

"ಅವನು?"

"ಕ್ಯಾಮರಾ ಕೈಲಿತ್ತು, ಎತ್ತಲೇ ಇಲ್ಲ. ಬಾಯಿ ಬಿಟ್ಕೊಂಡು ನೋಡ್ತಿದ್ರು, ಚಿಕ್ಕ ಮಗು ಥರ. ಇನ್ನೊಂದು ಕೈ ನಿಮ್ಮ ಬೆನ್ನ ಮೇಲಿತ್ತು."

"ಅದು ಗೊತ್ತು," ಎಂದರು ಅತ್ತೆ. "ಅದೊಂದು ಗೊತ್ತು."

ಅವರ ಅಳು ಸದ್ದಿಲ್ಲದೆ ಬಂತು, ಸದ್ದಿಲ್ಲದೆ ನಿಂತಿತು. ಆಮೇಲೆ ಗೋಡೆ ಹಿಡಿದು ಎದ್ದು, ಕಂಬಳಿಯಿಂದ ಕೆಳಗಿಳಿದರು. ಅಂಗಳಕ್ಕೆ ಒಯ್ದು ಒಂದು ಕೊನೆ ತಾವು ಹಿಡಿದು, ಇನ್ನೊಂದನ್ನು ನನಗೆ ಕೊಟ್ಟು ಜಾಡಿಸಿದರು. ಕೆಂಪು ದೂಳು ಬಿಸಿಲಿನಲ್ಲಿ ಎದ್ದು ಬೆಟ್ಟದ ಕಡೆಗೆ ಹೋಯಿತು. ಇಬ್ಬರೂ ಅದು ಕಾಣದಾಗುವವರೆಗೂ ನೋಡಿದೆವು.

"ಒಂದ್ ಮಾತಾದ್ರೂ ಅವನ್ದು ನಿಲ್ಲಲಿ," ಎಂದರು. "ತಕ್ಕೊಂಡೋಗಿ ಕೊಟ್ಬುಡು."

"ನಾನಾ ಅತ್ತೆ? ಕಲ್ಯಾಣದ ಮನೆಗೆ?"

"ಇಸ್ಕೊಂಡೋನ ಹೆಂಡ್ತಿ ನೀನಲ್ದೆ ಇನ್ಯಾರು? ತಲೆ ಎತ್ಕೊಂಡು ಹೋಗು."

ಗೋವಿಂದಮ್ಮಾಳ್ ಮನೆಯ ಮುಂದೆ ಬಾಳೆಕಂದು ಕಟ್ಟುತ್ತಿದ್ದರು. ನನ್ನನ್ನು ಕಂಡು ಮಾತು ನಿಂತಿತು. ನಾನು ಬೀದಿಯಲ್ಲೇ ನಿಂತೆ. ಅವ್ವ ಕೋಲೂರಿಕೊಂಡು ಹೊರಗೆ ಬಂದು, ಮೆಟ್ಟಿಲು ಇಳಿದು, ಕೋಲನ್ನು ಗೋಡೆಗೆ ಒರಗಿಸಿ ಎರಡು ಕೈಯನ್ನೂ ಚಾಚಿದರು.

"ಎಳಿಲ್ ಇಸ್ಕೊಂಡಿದ್ದು ಅವ್ವ," ಎಂದೆ. "ತಕ್ಕೊಳಿ."