ಕೆಡಿಸುವ ಸಾಲು

ಮೂರನೆಯ ದಿನವೂ ಹೊತ್ತು ನೆತ್ತಿಗೆ ಬಂದಿತ್ತು, ಬಳ್ಳಿಸಾಲಿನ ಕೆಲಸ ಮಾತ್ರ ಮುಂದೆ ಸರಿದಿರಲಿಲ್ಲ. ಕಾಗವಾಡದ ಆ ದ್ರಾಕ್ಷಿ ತೋಟದಲ್ಲಿ ಹದಿನಾರು ಹೆಣ್ಣಾಳುಗಳ ಮುಂದಾಳಾಗಿದ್ದ ಸುಂದ್ರವ್ವ ನಿಂತಲ್ಲಿ ನಿಲ್ಲಲಾರದೆ ಚಪ್ಪರದ ಕೆಳಗೆ ಅತ್ತಿಂದಿತ್ತ ತಿರುಗುತ್ತಿದ್ದಳು.

ತೊಂಬತ್ತೊಂದರ ಆ ವರ್ಷ ಮಾಲಕ ರಾವಸಾಹೇಬರು ಹೊಸ ಪದ್ಧತಿ ತಂದಿದ್ದರು. ಕಾಯಿ ಜೋಳದ ಕಾಳಿನಷ್ಟಿರುವಾಗಲೇ ಗೊನೆಯೊಳಗಿನ ಅರ್ಧ ಕಾಯಿ ಕತ್ತರಿಸಿ ತೆಗೆಯಬೇಕು, ಉಳಿದವು ದಪ್ಪಾಗುತ್ತವೆ. ಆ ಹದ ಇರುವುದು ಎಂಟೇ ದಿನ. ಅವರು ಎಲ್ಲರನ್ನೂ ಜಮಖಾನೆಯ ಮೇಲೆ ಕೂರಿಸಿ ಒಂದು ತಾಸು ಕಾಗದ ಓದಿದ್ದರು: ಗೊನೆಗೆ ನೂರು ಕಾಯಿ ಉಳಿಸಬೇಕು. ತಿಳಿಯಿತೇ ಎಂದು ಕೇಳಿದಾಗ ಎಲ್ಲರೂ ಸೆರಗು ಎಳೆದುಕೊಂಡು ಹೂಂ ಅಂದಿದ್ದರು. ಮಾಲಕರ ಮುಂದೆ ಇಲ್ಲ ಅನ್ನುವ ರೂಢಿಯೇ ಇರಲಿಲ್ಲ. ಸುಂದ್ರವ್ವನೂ ಹೂಂ ಅಂದಿದ್ದಳು.

ಈಗ ಹೊಳೆವ್ವ ಇಪ್ಪತ್ತು ಕಾಯಿ ಎಣಿಸಿ ಒಂದು ಹರಳು ಉಡಿಗೆ ಹಾಕುತ್ತಿದ್ದಳು. ಐದು ಹರಳಾದರೆ ನೂರು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ಒಂದು ಕಾಯಿ ಕತ್ತರಿಸುವ ಮೊದಲು ಎರಡೆರಡು ಸಲ ಗೊನೆ ತಿರುಗಿಸಿ ನೋಡುತ್ತಿದ್ದಳು. ನಾಳೆ ಈ ಕೆಲಸ ಬಲ್ಲ ತಾಸಗಾವದ ಆಳು ತರಿಸುತ್ತೇನೆಂದು ರಾವಸಾಹೇಬರು ಮುಂಜಾನೆಯೇ ಹೇಳಿದ್ದರು. ಆ ಆಳು ಬಂದರೆ ಈ ಹದಿನಾರು ಮಂದಿಗೆ ಹಣ್ಣು ಕೊಯ್ಯುವ ತನಕ ಮನೆಯೇ ಗತಿ.

ಸುಂದ್ರವ್ವ ತಡೆಯಲಾರದೆ ಕೇಳಿದಳು, “ಹೊಲದಾಗ ಜ್ವಾಳದ ಸಸಿ ದಟ್ಟಾದ್ರ ಎಣಿಸಿ ಕೀಳ್ತಿಯೇನ ಹೊಳೆವ್ವ?”

“ಅದನ್ಯಾಕ ಎಣಿಸ್ಲಿ ಬೇ? ಕೈಗೆ ಗೊತ್ತಿರತೈತಿ. ಕೆಟ್ರೂ ನಂದ ಕೆಡತೈತಿ. ಇದು ಸಾವಕಾರ್ದು.”

ಸುಂದ್ರವ್ವ ಕತ್ತರಿ ಅಲ್ಲೇ ಇಟ್ಟು, ಬಾವಿಕಟ್ಟೆಯಲ್ಲಿದ್ದ ರಾವಸಾಹೇಬರ ಹತ್ತಿರ ಸರಸರ ನಡೆದಳು.

“ಒಂದ ಸಾಲ ನಮಗ ಕೆಡಸಾಕ ಕೊಡ್ರಿ.”

“ತಲಿ ನೆಟ್ಟಗೈತಿಲ್ಲೋ ನಿಂದು?”

“ಅಂಜಿ ಅಂಜಿ ಇಡೀ ತೋಟಾನ ಕೆಡಾಕತ್ತೈತ್ರಿ. ಸಂಜಿಮಟ ನೋಡ್ರಿ. ಆಗ್ಲಿಲ್ಲಂದ್ರ ತಾಸಗಾವದವ್ರು ಬರ್ಲಿ, ನಾನೂ ಈ ತೋಟಕ್ಕ ಕಾಲಿಡೂದಿಲ್ಲ.”

ಅವರು ಬೇಲಿಗೆ ಹತ್ತಿದ ಸಾಲು ತೋರಿಸಿದರು. ನೋಡಲಾರದೆ ಮೋಟಾರಸೈಕಲ್ ಹತ್ತಿ ಹೋದರು, ಅರ್ಧ ತಾಸಿಗೇ ತಿರುಗಿ ಬಂದರು.

ಅಷ್ಟರಲ್ಲಿ ಮಲಕವ್ವನ ಗೊನೆ ಪುಕ್ಕ ಕಿತ್ತ ಕೋಳಿಯಂತಾಗಿತ್ತು. ಎಲ್ಲರೂ ನಕ್ಕರು, ಮಲಕವ್ವನೂ. ಸುಂದ್ರವ್ವ ಯಾರನ್ನೂ ಬೈಯಲಿಲ್ಲ. ಕಾಯಿಗಳ ನಡುವೆ ಕಿರುಬೆರಳು ತೂರಿಸಿ ನೋಡಲು ಹೇಳಿದಳು. ತೂರದಿದ್ದರೆ ಇನ್ನೆರಡು ಕತ್ತರಿಸಬೇಕು, ಅಷ್ಟೇ. ಸಾಲಿನ ತುದಿ ಮುಟ್ಟುವ ಹೊತ್ತಿಗೆ ಹೊಳೆವ್ವ ಉಡಿಯ ಹರಳು ಕೊಡವಿ, ಸೊಸೆಯ ಸುದ್ದಿ ಹೇಳುತ್ತಲೇ ಕತ್ತರಿ ಆಡಿಸುತ್ತಿದ್ದಳು.

ಸಂಜೆಗೆ ಮತ್ತೆ ಮೂರು ಸಾಲು ಮುಗಿದವು. ರಾವಸಾಹೇಬರು ಅಲ್ಲಲ್ಲಿ ಬೆರಳು ತೂರಿಸಿ ನೋಡಿ ಮನೆಗೆ ಹೋದರು. ತಾಸಗಾವದವರು ಬರಲಿಲ್ಲ. ಆ ಬೇಲಿಯ ಸಾಲು ಮಾತ್ರ ರಾವಸಾಹೇಬರನ್ನು ಇಡೀ ಹಂಗಾಮು ಚುಚ್ಚುತ್ತಿತ್ತು. ಅತ್ತ ಹಾಯುವಾಗ ಮುಖ ತಿರುವುತ್ತಿದ್ದರು.

ಮರುವರ್ಷ ಕಾಯಿ ಹದಕ್ಕೆ ಬಂದಾಗ ಅವರ ಕೈಯಲ್ಲಿ ಕಾಗದ ಇರಲಿಲ್ಲ. ಆರು ಮಂದಿ ಹೊಸಬರು ಬಂದಿದ್ದರು. ಅವರನ್ನೊಮ್ಮೆ ನೋಡಿ, ಸುಂದ್ರವ್ವನ ಕಡೆ ತಿರುಗಿ ಕೇಳಿದರು:

“ಈ ಸಲ ಯಾವ ಸಾಲ ಕೆಡಸ್ತೀರಿ?”