ಹಸಿರು ಹಾಳೆಯಲ್ಲಿ ಗೆಟ್

ಹಿಮ ತೆಗೆಯುವ ಲಾರಿಯ ರಾತ್ರಿ ಪಾಳಿ ಮುಗಿಸಿ ಬಂದ ನನ್ನ ಗಂಡ ಓವಿಲಾ, ಬೂಟು ಕಳಚುವಷ್ಟರಲ್ಲಿ ಆ ಕ್ರಿಯಾಪದವನ್ನು ನಾಲ್ಕು ಸಲ ಬಳಸಿಬಿಟ್ಟ. ನೆಗಡಿ ಹಿಡಿದಿದೆ ಎಂದ. ಲಾರಿಗೆ ಹೊಸ ಬ್ರೇಕ್ ಪ್ಯಾಡ್ ಸಿಗಲಿಲ್ಲ ಎಂದ. ಚಳಿ ಜಾಸ್ತಿಯಾಗುತ್ತಿದೆ ಎಂದ. ಮೇಸ್ತ್ರಿ ಹೇಳಿದ ಜೋಕು ತನಗೆ ಅರ್ಥವೇ ಆಗಲಿಲ್ಲ ಎಂದ. ಮಾತೆಲ್ಲ ಫ್ರೆಂಚೇ, ಆದರೆ ಪ್ರತಿ ಮಾತಿನ ನಡುವೆಯೂ ಇಂಗ್ಲಿಷಿನ ‘ಗೆಟ್’ ಕಾಲು ಚಾಚಿ ಕೂತಿತ್ತು. ಮಾಂಕ್ಟನ್‌ನಲ್ಲಿ ಎರಡೂ ಭಾಷೆಯವರು ಬೆರೆತು ಬದುಕುವುದರಿಂದ ನಾವೆಲ್ಲ ಮಾತಾಡುವುದೇ ಹೀಗೆ.

“ಓವಿಲಾ, ದಯವಿಟ್ಟು ಸ್ವಲ್ಪ ಬಾಯಿ ಮುಚ್ಚು,” ಎಂದೆ.

“ಈಗ ತಾನೇ ಒಳಗೆ ಬಂದೆ. ಏನಂದೆ ನಾನು?”

“ನೀನು ಅಂದಿದ್ದಕ್ಕೆಲ್ಲ ಬೇರೆ ಬೇರೆ ಫ್ರೆಂಚ್ ಪದ ಹುಡುಕಿ ಹುಡುಕಿ ನಂಗೆ ಸಾಕಾಗಿತ್ತು. ನಾಲ್ಕು ಮಾತಿಗೆ ನಾಲ್ಕು!”

“ನೆಗಡಿ ಬಂದಿರೋದು ನಂಗೆ, ಮುಖ ಊದಿಸ್ಕೊಂಡಿರೋದು ನೀನು. ಚೆನ್ನಾಗಿದೆ ಮಾರಾಯ್ತಿ,” ಎಂದು ಅವನು ಮೂಗು ಸೀಟಿಕೊಂಡು ಮಲಗಲು ಹೋದ.

ಅವನ ಮೇಲೆ ರೇಗಿ ಪ್ರಯೋಜನವಿರಲಿಲ್ಲ. ನನ್ನ ಸಂಕಟ ಬೇರೆ. ಸೀಗಡಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಫೋನ್ ಎತ್ತುವ ಕೆಲಸ ಮಾಡಿಕೊಂಡೇ ಸಂಜೆ ತರಗತಿಗೆ ಹೋಗಿ, ಐವತ್ತು ದಾಟಿದ ಮೇಲೆ ಅನುವಾದದ ಸರ್ಟಿಫಿಕೇಟ್ ಪಡೆದವಳು ನಾನು. ಆ ಸರ್ಟಿಫಿಕೇಟ್ ನೋಡಿ ಅಲ್ಫೆ ರೊಬಿಶೊ ಎಂಬವರು ತಮ್ಮ ಅನುವಾದದ ಕಚೇರಿಯಲ್ಲಿ ನನ್ನನ್ನು ಪರೀಕ್ಷೆಗೆಂದು ಇಟ್ಟುಕೊಂಡಿದ್ದರು. ನನ್ನ ಜೊತೆಗೇ ಗಯೆತಾನ್ ಎಂಬ ಹುಡುಗನನ್ನೂ ಇಟ್ಟುಕೊಂಡಿದ್ದರು. ಹುಡುಗ ಎಂದರೆ ಮೂವತ್ತರ ಆಸುಪಾಸು, ವಿಶ್ವವಿದ್ಯಾಲಯದಲ್ಲಿ ಓದಿದವನು. ನಮ್ಮ ಪ್ರಾಂತ್ಯದ ಫ್ರೆಂಚ್ ಶಾಲೆಗಳಿಗೆ ಒಂದು ಪುಟ್ಟ ಇಂಗ್ಲಿಷ್–ಫ್ರೆಂಚ್ ನಿಘಂಟು ಮಾಡಿಕೊಡುವ ಕೆಲಸ ಅದು. ಫೆಬ್ರವರಿ ಕೊನೆಗೆ ಇಬ್ಬರಲ್ಲಿ ಒಬ್ಬರಷ್ಟೇ ಉಳಿಯುವುದೆಂದು ಮೊದಲ ದಿನವೇ ಹೇಳಿದ್ದರು. ಕಾರ್ಖಾನೆಯ ನನ್ನ ಕುರ್ಚಿಯಲ್ಲಿ ಆಗಲೇ ಬೇರೆಯವಳು ಕೂತಿದ್ದಳು. ಇಲ್ಲಿ ಉಳಿಯದಿದ್ದರೆ ನನಗೆ ಹಿಂದಿರುಗಲು ಜಾಗವಿರಲಿಲ್ಲ.

ಅಲ್ಫೆಯವರ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಯಾರು ಏನು ಅನುವಾದಿಸಿದರೂ ಅದನ್ನು ಇನ್ನೊಬ್ಬರು ತಿದ್ದಬೇಕು. ಹಾಗೆ ತಿದ್ದಲು ಬರುವ ಪುಟ ಹಸಿರು ಹಾಳೆಯ ಮೇಲೆ ಅಚ್ಚಾಗಿ, ಹೆಸರಿಲ್ಲದೆ, ಮೇಜಿನ ಮೇಲೆ ಬೀಳುತ್ತಿತ್ತು. ಬರೆದವರು ಯಾರೆಂದು ತಿದ್ದುವವರಿಗೆ ಗೊತ್ತಾಗಬಾರದು, ತಿದ್ದಿದವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು. ಟಿಪ್ಪಣಿಯಲ್ಲಿ ‘ನೀವು’ ಎಂದು ಬರೆಯುವಂತಿಲ್ಲ, ‘ಅನುವಾದಕರು’ ಎಂದೇ ಬರೆಯಬೇಕು. ಇಡೀ ಕಚೇರಿಯಲ್ಲಿ ಐದು ಜನ, ಒಬ್ಬರು ಸೀನಿದರೆ ಉಳಿದ ನಾಲ್ವರೂ ಆಶೀರ್ವಾದ ಮಾಡಬೇಕಾದಷ್ಟು ಸಣ್ಣ ಜಾಗ. ಆದರೂ ಎಲ್ಲರೂ ಗೊತ್ತಿಲ್ಲದವರಂತೆ ಮುಖ ಮಾಡಿಕೊಂಡು ಓಡಾಡುತ್ತಿದ್ದೆವು.

ಮೊದಲ ವಾರದಲ್ಲೇ ‘ಗೆಟ್’ ಅನ್ನು ನನಗೆ ಕೊಟ್ಟಿದ್ದರು. ಅದರೊಳಗೆ ಇಳಿದವರಿಗಷ್ಟೇ ಗೊತ್ತು ಅದರ ಕಾಟ. ಕಾಗದ ಬರುವುದೂ ಅದೇ, ಹಾಲು ತರುವುದೂ ಅದೇ. ಬಸ್ಸು ಹತ್ತುವುದು, ಇಳಿಯುವುದು, ಮದುವೆಯಾಗುವುದು, ಮುದುಕರಾಗುವುದು, ಏಟು ತಿನ್ನುವುದು, ಹೊರಗೆ ಹೋಗೆಂದು ಗದರುವುದು, ಒಬ್ಬರಿಂದ ಕೆಲಸ ಮಾಡಿಸಿಕೊಳ್ಳುವುದು, ಎಲ್ಲಕ್ಕೂ ಇಂಗ್ಲಿಷಿನವರು ಈ ಒಂದೇ ಪದವನ್ನು ಚಮಚೆಯಂತೆ ಬಳಸುತ್ತಾರೆ. ಸಾರಿಗೂ ಅದೇ, ಪಾಯಸಕ್ಕೂ ಅದೇ, ಬಣ್ಣದ ಡಬ್ಬಿಯ ಮುಚ್ಚಳ ಮೀಟುವುದಕ್ಕೂ ಅದೇ. ಫ್ರೆಂಚಿನಲ್ಲಿ ಪ್ರತಿಯೊಂದಕ್ಕೂ ಬೇರೆ ಪಾತ್ರೆ ಬೇಕು. ನಾನು ಹೆದರಿ ಹೆದರಿ ದೊಡ್ಡ ನಿಘಂಟುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಬರೆದೆ. ಪೂರ್ತಿ ಮುಗಿಯುವ ಮೊದಲೇ ಅಲ್ಫೆಯವರು ಬಂದು, “ಸಾಕಮ್ಮಾ ಡೆಲಿಮಾ, ಇದನ್ನ ಇಲ್ಲಿಗೆ ಬಿಡಿ. ಇನ್ನೊಬ್ರ ಕೈಗೆ ಕೊಡ್ತೀನಿ,” ಎಂದು ಒಯ್ದರು. ಆ ದಿನ ಶೌಚಾಲಯಕ್ಕೆ ಹೋಗಿ ಅತ್ತು ಬಂದೆ. ನನ್ನ ಕೆಲಸ ಕಸದ ಬುಟ್ಟಿ ಸೇರಿತು, ‘ಗೆಟ್’ ಗಯೆತಾನನ ಪಾಲಾಯಿತು ಎಂದು ಲೆಕ್ಕ ಹಾಕಿಕೊಂಡೆ.

ಆಮೇಲೆ ತಿಂಗಳುಗಟ್ಟಲೆ ನನಗೆ ಸಣ್ಣಪುಟ್ಟ ಕ್ರಿಯಾಪದಗಳು ಬಂದವು. ಅವುಗಳ ಜೊತೆ ಗುದ್ದಾಡುತ್ತ ಒಂದು ವಿಷಯ ಕಲಿತೆ. ಪ್ಯಾರಿಸ್ಸಿನಲ್ಲಿ ಕೂತವರು ಬರೆದ ಫ್ರೆಂಚು ನಮ್ಮೂರಿನ ಮಕ್ಕಳ ಬಾಯಿಗೆ ಹಿಡಿಸುವುದಿಲ್ಲ. ಪುಸ್ತಕದಲ್ಲಿ ಅಂಥದ್ದೇ ಇದ್ದರೆ ಅವರು ಪುಸ್ತಕ ಮುಚ್ಚಿ ಇಂಗ್ಲಿಷಿಗೇ ಹೋಗುತ್ತಾರೆ. ಬರಬರುತ್ತ ಅಂಥ ಪದ ಕಂಡರೆ ನನಗೆ ಮೈ ಉರಿಯತೊಡಗಿತು.

ಓವಿಲಾನಿಗೆ ನೆಗಡಿ ಹಿಡಿದ ಆ ಬೆಳಿಗ್ಗೆಯೇ, ನಾನು ಕೋಟು ತೆಗೆದು ಕೂರುವಷ್ಟರಲ್ಲಿ, ಮೇಜಿನ ಮೇಲೆ ಹಸಿರು ಹಾಳೆ ಕಾದಿತ್ತು. ‘ಗೆಟ್’.

ಓದುತ್ತ ಓದುತ್ತ ಕಿವಿ ಬಿಸಿಯಾಯಿತು. ಹಾಲು ತಗೊಂಡು ಬಾ ಎನ್ನಬೇಕಾದ ಕಡೆ ‘ಕ್ಷೀರವನ್ನು ಪಡೆದು ಹಿಂದಿರುಗು’ ಎಂಬಂಥ ಫ್ರೆಂಚು. ಬಸ್ಸಿಂದ ಇಳಿ ಎನ್ನಲು ‘ವಾಹನದಿಂದ ಅವರೋಹಣ ಮಾಡು’ ಎಂಬಂಥದ್ದು. ಜೋಕು ಗೊತ್ತಾಯ್ತಾ ಎಂಬುದಕ್ಕೆ ‘ಪರಿಹಾಸದ ತಾತ್ಪರ್ಯವನ್ನು ಗ್ರಹಿಸಿದೆಯಾ’ ಎಂಬಂಥದ್ದು! ಅರ್ಥಗಳ ಕ್ರಮ ನಾನು ಇಟ್ಟಿದ್ದಂತಿರಲಿಲ್ಲ, ಉದಾಹರಣೆ ಒಂದೂ ಇರಲಿಲ್ಲ. ಉಳಿದದ್ದು ಬರೀ ಈ ಗಾಂಭೀರ್ಯ. ಗಯೆತಾನನ ವಿಶ್ವವಿದ್ಯಾಲಯ ಎದ್ದು ಕಾಣುತ್ತಿದೆ ಎಂದುಕೊಂಡೆ.

ಮೊದಲು ಮೆತ್ತಗೆ ಬರೆದೆ: ‘ಅನುವಾದಕರು ಕೆಲವು ಕಡೆ ಸರಳ ಪದಗಳನ್ನು ಪರಿಗಣಿಸಬಹುದು.’ ಹೊಡೆದು ಹಾಕಿದೆ. ಇದೇನು ಹೊಟ್ಟೆಕಿಚ್ಚೋ, ನ್ಯಾಯವೋ? ಪೈಪೋಟಿಯವನ ಪುಟ ಎಂದೇ ಕಟುವಾಗುತ್ತಿದ್ದೇನೋ? ಹಾಗೆಂದು ಮೆತ್ತಗಾದರೆ ಅದೂ ಮೋಸವೇ. ಮಕ್ಕಳು ಓದುವ ಪುಸ್ತಕ. ಮತ್ತೆ ಬರೆದೆ, ಮತ್ತೆ ಹೊಡೆದೆ. ಕಾಫಿ ಮಾಡಿಕೊಳ್ಳಲು ಕಚೇರಿಯ ಅಡುಗೆ ಕೋಣೆಗೆ ಹೋದರೆ ಅಲ್ಲಿ ಗಯೆತಾನನೇ ನಿಂತಿದ್ದ.

“ಏನಕ್ಕಾ, ಸಾವಿನ ಮನೆಯಿಂದ ಬಂದ ಹಾಗಿದೀರಿ?” ಎಂದ.

“ಒಂದು ಪುಟ ತಿದ್ತಾ ಇದೀನಿ. ಬರೆದವರು ಮಕ್ಕಳ ಮುಖ ನೋಡಿದವರೇ ಅಲ್ಲ ಅನ್ಸುತ್ತೆ,” ಎಂದೆ, ಅವನ ಮುಖವನ್ನೇ ನೋಡುತ್ತ.

ಅವನು ಒಂಚೂರೂ ಅಳುಕಲಿಲ್ಲ. ಬಿಸ್ಕತ್ತು ಅದ್ದಿಕೊಂಡು, “ಹಾಗಿದ್ರೆ ಬಿಡ್ಬೇಡಿ, ಚೆನ್ನಾಗಿ ಉಗೀರಿ. ನನ್ನ ಪುಟಗಳನ್ನೂ ಯಾರೋ ಪುಣ್ಯಾತ್ಮರು ಹಾಗೇ ಉಗೀತಾರೆ. ಅಲ್ಪವಿರಾಮಕ್ಕೂ ಅರ್ಧ ಪುಟ ಬರೀತಾರಪ್ಪ!” ಎಂದು ನಕ್ಕ.

ಅಲ್ಪವಿರಾಮದ ಬಗ್ಗೆ ಅರ್ಧ ಪುಟ ಬರೆಯುವವಳು ನಾನೇ. ಏನೂ ಗೊತ್ತಿಲ್ಲದವಳಂತೆ ಕಾಫಿ ಕುಡಿದು ಬಂದೆ. ಎಂಥ ಧಿಮಾಕು ಇವನದು ಎಂದು ಸಿಟ್ಟು ಇನ್ನೂ ಏರಿತು.

ಕೂತು ಸಂಜೆಯವರೆಗೆ ತಿದ್ದಿದೆ. ಒಂದೊಂದು ಅರ್ಥಕ್ಕೂ ನಮ್ಮ ಮಕ್ಕಳು ನಿಜವಾಗಿ ಆಡಬಹುದಾದ ಪದ ಬರೆದೆ. ಕತ್ತಲಾಗುತ್ತಿದೆ ಎಂಬ ಕಡೆ ಮಾತ್ರ ಪುಟದಲ್ಲೊಂದು ಹಳ್ಳಿಯ ಪದ ನುಸುಳಿತ್ತು, ‘ಮುಚ್ಚಂಜೆ ಬೀಳು’ ಎಂಬಂಥದ್ದು. ಸಮುದ್ರ ದಂಡೆಯ ಊರುಗಳವರು ಆಡುವ ಮಾತು. ಗಯೆತಾನ್ ಬುಕ್ತೂಶ್ ಕಡೆಯವನು, ಅವನ ಬಾಯಲ್ಲಿ ಬಂದಿರಬೇಕು. ಅಷ್ಟರಲ್ಲಿ ನನ್ನ ಪೆನ್ನಿಗೆ ತಡೆಯೇ ಇರಲಿಲ್ಲ. ‘ಹಳ್ಳಿಯ ಪದ, ಉಳಿದ ಪುಟಕ್ಕೆ ಹೊಂದುವುದಿಲ್ಲ’ ಎಂದು ಅದನ್ನೂ ಹೊಡೆದು ಹಾಕಿದೆ. ಕೊನೆಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ, ಮೂರು ಸಲ ಓದಿ ನೋಡಿ, ಹೀಗೆ ಬರೆದೆ: ‘ಅನುವಾದಕರಿಗೆ ಪುಸ್ತಕಗಳು ಗೊತ್ತು, ಮನುಷ್ಯರು ಗೊತ್ತಿಲ್ಲ. ಈ ಪುಟವನ್ನು ಮೊದಲಿನಿಂದ ಬರೆಯಬೇಕು, ಬೇರೆಯವರು ಬರೆಯಬೇಕು.’

ಮನೆಗೆ ಬಂದು ಓವಿಲಾನಿಗೆ ಹೇಳಿದೆ. ಅವನು ಆಲೂಗಡ್ಡೆ ಹಾಕಿದ ಕೋಳಿ ಸಾರನ್ನು ಸುರ್ರೆಂದು ಕುಡಿಯುತ್ತ, “ಹಾಗಾದ್ರೆ ಆ ಹುಡುಗನ್ನ ಮನೆಗೆ ಕಳ್ಸೋ ಹಾಗೆ ಮಾಡ್ಬಿಟ್ಟೆ ಅನ್ನು,” ಎಂದ.

“ಹಾಗಲ್ಲ! ಪುಟದ ಬಗ್ಗೆ ಬರ್ದಿದ್ದು, ಹುಡುಗನ ಬಗ್ಗೆ ಅಲ್ಲ.”

“ಬೇರೆಯವರು ಬರೀಬೇಕು ಅಂತ ಪುಟ ಹೇಳ್ತಾ?”

ಆ ಮಾತಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಹೋಗಿ ಆ ಸಾಲನ್ನು ಅಳಿಸಬೇಕು ಎಂದುಕೊಂಡೆ. ಬೆಳಿಗ್ಗೆ ಹೋಗುವಷ್ಟರಲ್ಲಿ ಹಾಳೆ ಅಲ್ಫೆಯವರ ಕೋಣೆ ಸೇರಿತ್ತು, ನನಗೂ ಕರೆ ಬಂದಿತ್ತು.

ಅಲ್ಫೆಯವರು ಕನ್ನಡಕ ಹಣೆಗೇರಿಸಿಕೊಂಡು, ಎರಡೂ ಅಂಗೈಯಿಂದ ಮುಖ ಉಜ್ಜಿಕೊಳ್ಳುತ್ತ ಕೂತಿದ್ದರು.

“ಬಾಗಿಲು ಹಾಕ್ಕೊಂಡು ಬನ್ನಿ ಡೆಲಿಮಾ. ಏನಮ್ಮಾ ಇದು?”

“ಸರ್, ಕೊನೇ ಸಾಲು ಸ್ವಲ್ಪ ಖಾರ ಆಯ್ತು. ತೆಗೀತೀನಿ. ಗಯೆತಾನ್ ಒಳ್ಳೇ ಹುಡುಗ—”

“ಗಯೆತಾನ್ ಎಲ್ಲಿಂದ ಬಂದ?”

ನಾನು ನಾಲಗೆ ಕಚ್ಚಿಕೊಂಡೆ. ಹೆಸರು ಹೇಳುವಂತಿರಲಿಲ್ಲ.

“ಗಯೆತಾನ್‌ಗೆ ಇದನ್ನ ಕೊಟ್ಟಾಗ ಅವನು ಕೈ ಮುಗಿದುಬಿಟ್ಟ. ‘ಸರ್, ಬೇರೆ ಯಾವ ಕ್ರಿಯಾಪದ ಆದ್ರೂ ಕೊಡಿ, ಇದೊಂದು ಬೇಡ’ ಅಂದ. ಅವನು ಒಂದಕ್ಷರ ಬರ್ದಿಲ್ಲ,” ಎಂದು ಅವರು ಹಸಿರು ಹಾಳೆಯನ್ನು ನನ್ನ ಕಡೆ ತಿರುಗಿಸಿ, ನಾನು ಹೊಡೆದು ಹಾಕಿದ್ದ ಪದದ ಮೇಲೆ ಬೆರಳಿಟ್ಟರು. “ಮುಚ್ಚಂಜೆ ಬೀಳು. ಇದು ಯಾರ ಮನೆ ಮಾತು? ನೋಡಿ ಹೇಳಿ.”

ನೋಡಿದೆ. ಮೀನಿನ ಬಲೆ ಒಣಗಿಸುವ ಅಂಗಳದಲ್ಲಿ ನಿಂತು, ಮುಚ್ಚಂಜೆ ಬಿತ್ತು ಒಳಗೆ ಬನ್ರೇ ಎಂದು ಕೂಗುತ್ತಿದ್ದ ನನ್ನ ಅಮ್ಮನ ದನಿ ಕೇಳಿಸಿತು. ಆ ಮೊದಲ ವಾರ, ಎಲ್ಲ ದೊಡ್ಡ ನಿಘಂಟುಗಳ ನಡುವೆ, ಆ ಒಂದು ಕಡೆ ಮಾತ್ರ ನಾನು ಪುಸ್ತಕ ನೋಡದೆ ಬರೆದಿದ್ದೆ.

“ನಮ್ಮಮ್ಮಂದು ಸರ್,” ಎಂದೆ.

“ನೀವು ಬರೆದಿದ್ದನ್ನೇ ಕ್ರಮ ಹಾಕಿ, ಉದಾಹರಣೆ ತೆಗೆದು ತಿದ್ದೋಕೆ ಕಳಿಸಿದೆ. ಮೂರು ಜನರ ಮೇಜು ತುಂಬಿತ್ತು, ನಿಮ್ಮದು ಖಾಲಿ ಇತ್ತು. ನಿಮಗೆ ಗುರುತು ಸಿಕ್ಕೇ ಸಿಗುತ್ತೆ, ನೀವೇ ಸರಿ ಮಾಡಿ ತಂದುಕೊಡ್ತೀರಿ ಅಂದ್ಕೊಂಡೆ. ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ತನ್ನ ಪುಟಾನೇ ಹೀಗೆ ಚಿಂದಿ ಮಾಡಿ, ಅನುವಾದಕರನ್ನ ಬದಲಾಯಿಸಿ ಅಂತ ಬರೆದವರನ್ನ ನೋಡಿರ್ಲಿಲ್ಲ. ಈಗ ನಾನೇನು ಮಾಡ್ಲಿ ಹೇಳಿ? ತಿದ್ದಿದವರ ಮಾತು ಕೇಳಿದ್ರೆ ಅನುವಾದಕರನ್ನ ಮನೆಗೆ ಕಳಿಸ್ಬೇಕು. ಅನುವಾದಕರನ್ನ ಇಟ್ಕೊಂಡ್ರೆ, ತಿದ್ದಿದವರಿಗೆ ಕೆಲಸ ಬರಲ್ಲ ಅಂತಾಯ್ತು. ಎರಡೂ ನೀವೇ!”

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, ಹೊರಗಿನ ಹಿಮ ನೋಡಿ, ಮತ್ತೆ ಬಂದು ಕೂತರು.

“ಒಂದೇ ಪ್ರಶ್ನೆ. ಈ ತಿದ್ದುಪಡಿ ಸರಿಯೋ ತಪ್ಪೋ? ಇವತ್ತೇ ಹೇಳ್ಬೇಕು. ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗುತ್ತೆ.”

ಅವಸರದಲ್ಲಿ ತಿದ್ದಿದೆ, ಮೊದಲ ಪುಟ ಅಷ್ಟೇನೂ ಕೆಟ್ಟದಾಗಿಲ್ಲ ಎಂದುಬಿಡಬಹುದಿತ್ತು. ಸಂಜೆ ತರಗತಿಯಲ್ಲಿ ಕಲಿತವಳಿಗೆ ಅಷ್ಟು ಬುದ್ಧಿ ಇಲ್ಲದಿರಲಿಲ್ಲ. ಹಾಳೆ ಎತ್ತಿಕೊಂಡು ಮೊದಲಿನಿಂದ ಓದಿದೆ. ಕ್ಷೀರ. ಅವರೋಹಣ. ತಾತ್ಪರ್ಯ. ಹೆದರಿದವಳೊಬ್ಬಳು ಬೇರೆಯವರ ಕೋಟು ತೊಟ್ಟು ನಿಂತ ಹಾಗಿತ್ತು.

“ತಿದ್ದಿದ್ದು ಸರಿ ಇದೆ ಸರ್,” ಎಂದೆ. “ಇದನ್ನ ಮಕ್ಕಳ ಕೈಗೆ ಕೊಡೋ ಹಾಗಿಲ್ಲ. ಆದ್ರೆ ಒಂದು ಕಡೆ ತಿದ್ದಿದವರು ಸಿಟ್ಟಲ್ಲಿ ತಪ್ಪು ಮಾಡಿದಾರೆ. ಮುಚ್ಚಂಜೆ ಅನ್ನೋದು ಇರಬೇಕು. ಇಡೀ ಪುಟದಲ್ಲಿ ಅನುವಾದಕರಿಗೆ ಬಂದಿದ್ದು ಅದೊಂದೇ.”

ಅಲ್ಫೆಯವರು ಡ್ರಾಯರ್ ತೆಗೆದು, ಖಾಲಿ ಬಿಳಿ ಹಾಳೆಗಳನ್ನು ಎದುರಿಗೆ ಎಸೆದರು.

“ಹಾಗಾದ್ರೆ ಅನುವಾದಕರು ಹೋಗಲಿ. ತಿದ್ದಿದವರು ಇರಲಿ. ಅವರೇ ಕೂತು ಮೊದಲಿಂದ ಬರೀಲಿ. ಹೋಗಿ, ನನ್ನ ತಲೆ ತಿನ್ಬೇಡಿ.”

“ಅಂದ್ರೆ ಸರ್... ಫೆಬ್ರವರಿ ಆದ್ಮೇಲೆ?”

“ಅಯ್ಯೋ ದೇವರೇ! ಇರ್ತೀರಿ ಅಂತ ಇನ್ನೆಷ್ಟು ಭಾಷೇಲಿ ಹೇಳ್ಲಿ?”

ಗುರುವಾರದ ಹೊತ್ತಿಗೆ ಬರೆದು ಕೊಟ್ಟೆ. ಶುಕ್ರವಾರ ಬೆಳಿಗ್ಗೆ ಹಸಿರು ಹಾಳೆ ನನ್ನ ಮೇಜಿಗೆ ಹಿಂದಿರುಗಿತು. ಅಂಚಿನ ತುಂಬ ಟಿಪ್ಪಣಿ. ‘ಅನುವಾದಕರು ಮದುವೆಯಾಗುವುದನ್ನು ಮುದುಕರಾಗುವುದರ ಪಕ್ಕದಲ್ಲೇ ಇಟ್ಟಿದ್ದಾರೆ. ಅನುಭವದ ಮಾತಿರಬಹುದು, ಆದರೆ ಕ್ರಮ ತಪ್ಪು.’ ಯಾವ ಮೂರ್ಖ ಹೀಗೆ ಬರೆದ ಎಂದು ಹಲ್ಲು ಕಡಿಯುತ್ತ ಅಡುಗೆ ಕೋಣೆಗೆ ಹೋದೆ. ಗಯೆತಾನ್ ತನ್ನ ಕಾಫಿ ಲೋಟವನ್ನು ಹಳೆ ಪತ್ರಿಕೆಯಲ್ಲಿ ಸುತ್ತುತ್ತಿದ್ದ. ಉಳಿಯುವವಳು ನಾನೆಂದು ಅವನಿಗೆ ಅಲ್ಫೆಯವರು ಹಿಂದಿನ ದಿನವೇ ಹೇಳಿದ್ದರು.

ಕಚೇರಿಯ ಪದ್ಧತಿಯಂತೆ, ಗೊತ್ತಿಲ್ಲದವಳ ಹಾಗೆ ಮಾತಾಡಿದೆ.

“ಯಾರೋ ನನ್ನ ಪುಟ ತಿದ್ದಿದಾರೆ. ಅವರು ಸಿಕ್ರೆ ಹೇಳು, ಕ್ರಮ ಸರಿಯಾಗೇ ಇದೆ ಅಂತ.”

“ಸಿಕ್ರೆ ಹೇಳ್ತೀನಿ,” ಎಂದ, ಲೋಟದ ಮೇಲಿಂದ ಕಣ್ಣೆತ್ತದೆ. “ಆದ್ರೆ ಅವರು ಒಪ್ಪಲ್ಲ ಅನ್ಸುತ್ತೆ. ಮುಂದಿನ ತಿಂಗಳು ಇಲ್ಲಿ ಇರಲ್ಲವಂತೆ, ಅದಕ್ಕೇ ಇದ್ದದ್ದು ಇದ್ದ ಹಾಗೆ ಬರ್ದಿದಾರೆ. ಮುಚ್ಚಂಜೆ ಮಾತ್ರ ಮುಟ್ಬೇಡಿ ಅಂತ ಆ ಅನುವಾದಕರಿಗೆ ಹೇಳಿ ಅಂದ್ರು. ಅವರ ಅಜ್ಜಿ ಮನೇಲೂ ಹಾಗೇ ಅಂತಿದ್ರಂತೆ.”

“ಹೇಳ್ತೀನಿ.”

“ಮತ್ತೆ ಮದುವೆ, ಮುದುಕರು. ಬೇರೆ ಬೇರೆ ಇಡ್ಬೇಕು ಅಕ್ಕಾ. ಮಕ್ಕಳ ಪುಸ್ತಕ ಅದು.”

ಮೇಜಿಗೆ ಬಂದು ಮತ್ತೊಮ್ಮೆ ಓದಿದೆ. ಅವನು ಹೇಳಿದ್ದೇ ಸರಿ. ರೇಗಿಕೊಂಡೇ ಮದುವೆಯನ್ನು ಮೇಲಕ್ಕೆ ಒಯ್ದೆ.